ಅಜ್ಜನ ಕಾಲದ ರೈಫಲ್ ಜಿಂಕೆ ಬೇಟೆಗೆ ಸಲ್ಲುತ್ತದೆಯೇ?

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಅರೆ ಸ್ವಯಂಚಾಲಿತ ರೈಫಲನ್ನು ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಆದರೆ ಜಿಂಕೆ ಬೇಟೆಗೆ ಅದು ಬಹುಕಾಲದಿಂದ ನಿಷಿದ್ಧ. 2016ರಲ್ಲಿ ಶಾಸನಸಭೆ ಈ ವಿಷಯವನ್ನು ತೀರ್ಮಾನಿಸುವ ಅಧಿಕಾರವನ್ನು ಬೇಟೆಯ ನಿಯಮ ರೂಪಿಸುವ ರಾಜ್ಯದ ಗೇಮ್ ಕಮಿಷನ್‌ಗೆ ವಹಿಸಿತು. 2017ರ ಮಾರ್ಚ್‌ನಲ್ಲಿ ಕಮಿಷನ್ ಸಣ್ಣ ಪ್ರಾಣಿಗಳ ಬೇಟೆಗೆ ಒಪ್ಪಿ, ಜಿಂಕೆ, ಕರಡಿಯಂಥ ದೊಡ್ಡ ಪ್ರಾಣಿಗಳಿಗೆ ಬೇಡವೆಂದಿತು. ಆ ತೀರ್ಮಾನ ಸರಿಯೇ?

ಪರ: ಪಂಪ್ ರೈಫಲಿಗೆ ಸೈ ಎಂದವರು ಇದಕ್ಕೇಕೆ ಅಡ್ಡ ಬರಬೇಕು?

ನಾನು ಜಿಂಕೆ ಬೇಟೆಗೆ ಹೋಗುತ್ತೇನೆ ಎಂದರೆ ತೀರ್ಥಹಳ್ಳಿಯ ಕಡೆಯ ನಮ್ಮ ನೆಂಟರ ಮುಖ ಸಣ್ಣದಾಗುತ್ತದೆ. ಅವರ ತಪ್ಪೇನಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಜಿಂಕೆಗೆ ಕೋವಿ ಎತ್ತುವುದು ಅಪರಾಧ, ಅದು ಹಾಗೆಯೇ ಇರಬೇಕು. ನಾನಿರುವ ಪೆನ್ಸಿಲ್ವೇನಿಯಾದ ಪರಿಸ್ಥಿತಿ ಬೇರೆ. ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಇಡೀ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಐದು ಲಕ್ಷದಷ್ಟೂ ಉಳಿದಿರಲಿಲ್ಲ ಎಂದು ಅಂದಾಜು. ಇಂದು ಮೂರು ಕೋಟಿಯ ಆಸುಪಾಸಿನಲ್ಲಿವೆ. ಅವುಗಳನ್ನು ಹಿಡಿದು ತಿನ್ನುತ್ತಿದ್ದ ತೋಳ, ಪೂಮಾಗಳು ಪೆನ್ಸಿಲ್ವೇನಿಯಾದ ಕಾಡುಗಳಿಂದ ಕಣ್ಮರೆಯಾಗಿ ನೂರು ವರ್ಷ ದಾಟಿದೆ. ಓಕ್ ಮತ್ತು ಹೆಮ್ಲಾಕ್ ಸಸಿಗಳು ಮೊಣಕಾಲೆತ್ತರ ಬೆಳೆಯುವ ಮೊದಲೇ ಜಿಂಕೆಯ ಬಾಯಿಗೆ ಬೀಳುತ್ತವೆ. ಹಲವು ಕಡೆ ಮರದಡಿಯಲ್ಲಿ ಜಿಂಕೆಗೆ ಬೇಡವಾದ ಜರೀಗಿಡವೊಂದೇ ಹಾಸಿಕೊಂಡಿರುತ್ತದೆ. ಜಿಂಕೆಯನ್ನು ಒಣಗಿಸಿ ಕೊಲ್ಲುವ, ಮದ್ದೇ ಇಲ್ಲದ ಮಿದುಳಿನ ರೋಗ 2012ರಲ್ಲಿ ಈ ರಾಜ್ಯಕ್ಕೂ ಕಾಲಿಟ್ಟಿತು. ಇತ್ತೀಚಿನ ವರ್ಷಗಳಲ್ಲಿ ಬೇಟೆಗಾರರು ಇಲ್ಲಿ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಜಿಂಕೆಗಳನ್ನು ಹೊಡೆಯುತ್ತಿದ್ದಾರೆ. ಆದರೂ ಸಂಜೆಯ ಹೊತ್ತು ಕಾರು ಓಡಿಸುವಾಗ ರಸ್ತೆಯ ಎರಡೂ ಅಂಚುಗಳ ಮೇಲೆ ಕಣ್ಣಿಡಲೇಬೇಕು.

ಅಂದ ಮೇಲೆ ಬೇಟೆ ನಡೆಯಲೇಬೇಕು. ಯಾವ ಕೋವಿಯಿಂದ ಎಂಬುದಷ್ಟೇ ಉಳಿಯುವ ಪ್ರಶ್ನೆ.

ಅರೆ ಸ್ವಯಂಚಾಲಿತ ಎಂದ ಕೂಡಲೇ ಜನರ ಕಣ್ಣೆದುರು ಯುದ್ಧದ ಮಶೀನ್ ಗನ್ ಬಂದು ನಿಲ್ಲುತ್ತದೆ. ಟ್ರಿಗರ್ ಒಮ್ಮೆ ಎಳೆದರೆ ಇದರಿಂದ ಹಾರುವುದು ಒಂದೇ ಗುಂಡು. ಈಡಿನ ಅನಿಲದ ಅಥವಾ ಒದೆತದ ಬಲದಿಂದ ಖಾಲಿ ತೋಟೆ ಹೊರಗೆ ಬಿದ್ದು ಮುಂದಿನದು ಒಳಗೆ ಕೂರುತ್ತದೆ. ಬೇರೆ ಕೋವಿಗಳಲ್ಲಿ ಕೈ ಮಾಡುವ ಕೆಲಸವನ್ನು ಇಲ್ಲಿ ಯಂತ್ರ ಮಾಡುತ್ತದೆ, ಅಷ್ಟೇ. ಇದು ನಿನ್ನೆ ಮೊನ್ನೆಯದೂ ಅಲ್ಲ. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ, ಮುಂದೆ ಮಾಡೆಲ್ 8 ಎಂದು ಹೆಸರಾದ ರೆಮಿಂಗ್ಟನ್ ರೈಫಲ್ 1906ರಲ್ಲೇ ಬೇಟೆಗಾರರ ಕೈಗೆ ಬಂದಿತ್ತು. ಅದರೊಳಗೆ ಹಿಡಿಸುತ್ತಿದ್ದುದು ಐದು ತೋಟೆ. ಅಮೆರಿಕದ ಸೇನೆ ಇದೇ ಬಗೆಯ ಗರಾಂಡ್ ರೈಫಲನ್ನು ಒಪ್ಪಿಕೊಂಡಿದ್ದು ಅದಾದ ಮೂವತ್ತು ವರ್ಷಗಳ ಮೇಲೆ, 1936ರಲ್ಲಿ. ಈ ಬಗೆಯ ರೈಫಲನ್ನು ಸೈನಿಕನಿಗಿಂತ ಮೊದಲು ಕೈಯಲ್ಲಿ ಹಿಡಿದವನು ಬೇಟೆಗಾರ.

ಇನ್ನು ಪೆನ್ಸಿಲ್ವೇನಿಯಾದ ನಿಯಮವನ್ನೇ ನೋಡಿ. 1952ರಲ್ಲಿ ಬಂದ ರೆಮಿಂಗ್ಟನ್ 760 ಇಲ್ಲಿ ಮನೆಮಾತು. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ತೋಟೆ ಬದಲಾಗುವ ಪಂಪ್ ರೈಫಲ್ ಅದು. ನುರಿತವನ ಕೈಯಲ್ಲಿ ಅದು ಎಷ್ಟು ಬೇಗ ಈಡು ಹೊಡೆಯುತ್ತದೆಂದರೆ ಬೇಟೆಗಾರರು ಅದಕ್ಕೆ, ಆಧುನಿಕ ಯಂತ್ರಗಳಿಂದ ದೂರವಿರುವ ಆಮಿಷ್ ಪಂಗಡದ ಹೆಸರು ಸೇರಿಸಿ, ಆಮಿಷ್ ಮಶೀನ್ ಗನ್ ಎಂದೇ ಹೆಸರಿಟ್ಟಿದ್ದಾರೆ. ಅದೇ ಕಾರ್ಖಾನೆ 1960ರಲ್ಲಿ ಹೊರತಂದ ಅರೆ ಸ್ವಯಂಚಾಲಿತ ರೈಫಲ್ 742 ಹೆಚ್ಚುಕಡಿಮೆ ಅದರ ತಮ್ಮನಂತಿದೆ. ಹೊಡೆಯುವ ಗುಂಡು ಅದೇ, ಮ್ಯಾಗಜೀನಿನಲ್ಲಿ ಹಿಡಿಸುವುದು ಅದೇ ನಾಲ್ಕು ತೋಟೆ. ಅಣ್ಣನಿಗೆ ಕಾಡಿನಲ್ಲಿ ಪೂರ್ಣ ಅನುಮತಿ, ತಮ್ಮ ಹಿಡಿದವನಿಗೆ ದಂಡ! ನನ್ನ ಬಳಿ ಇರುವುದು 742. ಅದನ್ನು ಹಿಡಿದು ನಾನು ಗಡಿ ದಾಟಿ ವೆಸ್ಟ್ ವರ್ಜೀನಿಯಾಕ್ಕೆ ಹೋಗುತ್ತೇನೆ, ಅಲ್ಲಿ ಅದು ಸಕ್ರಮ. ಮೇಲಿನ ನ್ಯೂಯಾರ್ಕ್ ರಾಜ್ಯ ಕೂಡ ಆರಕ್ಕಿಂತ ಹೆಚ್ಚು ತೋಟೆ ಹಿಡಿಸಬಾರದೆಂಬ ಮಿತಿ ಹಾಕಿ ಇಂಥವನ್ನು ಬಿಟ್ಟಿದೆ. ಅಪಾಯ ತೋಟೆಗಳ ಲೆಕ್ಕದಲ್ಲಿದೆ ಎಂದಾದರೆ ತೋಟೆಗಳಿಗೆ ಮಿತಿ ಹಾಕಿ, ನಾನೇ ಮೊದಲು ಕೈಯೆತ್ತುತ್ತೇನೆ. 2017ರ ಆರಂಭದಲ್ಲಿ ಕಮಿಷನ್ ತಾನೇ ಐದು ತೋಟೆಯ ಮಿತಿಯ ಕರಡು ಸಿದ್ಧಪಡಿಸಿತ್ತು, ಆಮೇಲೆ ಹಿಂದೆ ಸರಿಯಿತು.

ಗಾಯಗೊಂಡ ಪ್ರಾಣಿಯ ಮಾತು ನನಗೆ ಎಲ್ಲಕ್ಕಿಂತ ದೊಡ್ಡದು. ಎಷ್ಟೇ ಗುರಿಕಾರನಾದರೂ, ಟ್ರಿಗರ್ ಎಳೆಯುವ ಕ್ಷಣಕ್ಕೇ ಜಿಂಕೆ ಒಂದು ಹೆಜ್ಜೆ ಇಟ್ಟರೆ ಗುಂಡು ಎದೆಯ ಬದಲು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಪೆಟ್ಟು ತಿಂದ ಜಿಂಕೆ ಕೂಡಲೇ ಸಾಯುವುದಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿಸಿಕೊಂಡು, ಬಾಲ ಇಳಿಬಿಟ್ಟು, ನಿಧಾನವಾಗಿ ನಡೆದು ಪೊದೆ ಸೇರುತ್ತದೆ, ಅಲ್ಲಿ ಗಂಟೆಗಟ್ಟಲೆ ನರಳುತ್ತದೆ. ಅದು ನಡೆಯುತ್ತಿರುವ ಆ ಕೆಲವು ಕ್ಷಣಗಳಲ್ಲಿ ಕೋವಿಯನ್ನು ಭುಜದಿಂದ ಇಳಿಸದೆ, ಕಣ್ಣನ್ನು ಪ್ರಾಣಿಯಿಂದ ಕೀಳದೆ ಇನ್ನೊಂದು ಈಡು ಹೊಡೆಯಲು ಸಾಧ್ಯವಾದರೆ ಆ ನರಳಾಟ ಅಲ್ಲಿಗೇ ಮುಗಿಯುತ್ತದೆ.

ಒದೆತವೂ ಕಡಿಮೆ. ಅನಿಲದ ಬಲದಿಂದ ನಡೆಯುವ ಕೋವಿಯಲ್ಲಿ ಪೆಟ್ಟು ಒಮ್ಮೆಗೇ ಬಡಿಯುವುದಿಲ್ಲ, ನೂಕಿದಂತಾಗುತ್ತದೆ. ಎಪ್ಪತ್ತು ದಾಟಿದವರ ಭುಜಕ್ಕೆ, ಬೋಲ್ಟ್ (ತೋಟೆಯ ಹಿಂದೆ ಮುಚ್ಚುವ ಅಗುಳಿ) ಎಳೆಯಲು ಒಂದು ಕೈ ಸ್ವಾಧೀನವಿಲ್ಲದವರಿಗೆ ಇದು ಸಣ್ಣ ಸಂಗತಿಯಲ್ಲ.

ಇಂಥ ಕೋವಿ ಇಟ್ಟುಕೊಂಡವರನ್ನು ಅನುಮಾನದಿಂದ ನೋಡುವವರಿಗೆ ಒಂದು ಮಾತು. ಎಚ್-1ಬಿ ವೀಸಾದ ಮೇಲೆ ಬಂದವರು ಕೋವಿ ಇಟ್ಟುಕೊಳ್ಳುವಂತಿಲ್ಲ ಎನ್ನುವ ಫೆಡರಲ್ ಕಾನೂನಿಗೆ ಇರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಊರ್ಜಿತವಾದ ಬೇಟೆ ಪರವಾನಗಿ. ಮೊದಲ ಬಾರಿ ಆ ಪರವಾನಗಿ ಪಡೆಯುವವರು ಸುರಕ್ಷತೆಯ ತರಗತಿ ಮುಗಿಸಲೇಬೇಕು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್ ಮತ್ತು ತೋಟೆಗಳ ಮೇಲೆ ಶೇಕಡ 11ರಷ್ಟು ತೆರಿಗೆ ಇದೆ, ಆ ಹಣ ಕಾಡು ಮತ್ತು ಕಾಡುಪ್ರಾಣಿಗಳ ರಕ್ಷಣೆಗೇ ಹೋಗುತ್ತದೆ. ನಮ್ಮನ್ನು ಜಿಂಕೆಯ ವೈರಿಗಳೆಂದು ಕರೆಯುವ ಮೊದಲು ಈ ದೇಶದ ಜಿಂಕೆಗಳು ಯಾರ ದುಡ್ಡಿನಿಂದ ಚೇತರಿಸಿಕೊಂಡವು ಎಂದು ವಿಚಾರಿಸಬೇಕು.

ವಿರೋಧ: ಮನೆಯಲ್ಲಿರಲಿ, ಜಿಂಕೆಯ ಹಿಂದೆ ಬೇಡ

ಕೋವಿ ಕಂಡರೆ ಹೆದರುವ ಮನೆಯಲ್ಲಿ ನಾನು ಬೆಳೆದಿಲ್ಲ. ನಾನು ಕೊಡಗಿನವಳು. ಕೈಲ್‌ಪೊಳ್ದ್ ಬಂತೆಂದರೆ ಕೋವಿಗಳನ್ನು ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುವವರು ನಾವು. ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ನಮಗೆ ಇರುವ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು. ಹಾಗಾಗಿ ಹಳೆಯ ಗರಾಂಡನ್ನೋ 742ನ್ನೋ ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. ಆದರೆ ಕೊಡಗಿನಲ್ಲಿ ನಾವು ಕಂಡ ಒಂದು ಸತ್ಯವಿದೆ. ಬೇಟೆ ನಿಂತು ಐವತ್ತು ವರ್ಷಗಳಾದರೂ ಕೋವಿಯ ಮರ್ಯಾದೆ ಒಂದಿಷ್ಟೂ ಕುಗ್ಗಿಲ್ಲ. ಇಂದಿಗೂ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ, ಇಡೀ ಊರು ನಿಂತು ನೋಡುತ್ತದೆ. ಕೋವಿಯನ್ನು ಪ್ರೀತಿಸಲು ಅದರಿಂದ ಪ್ರಾಣಿ ಕೊಲ್ಲಲೇಬೇಕೆಂದಿಲ್ಲ.

ಪೆನ್ಸಿಲ್ವೇನಿಯಾದಲ್ಲಿ ಜಿಂಕೆಗಳು ಅತಿಯಾಗಿವೆ, ಬೇಟೆ ಬೇಕು ಎನ್ನುವುದನ್ನೂ ಒಪ್ಪುತ್ತೇನೆ. ನನ್ನ ವಿರೋಧವಿರುವುದು ಈಡು ಹಾರಿದ ಮರುಕ್ಷಣದ ಬಗ್ಗೆ.

ಬೋಲ್ಟ್ ರೈಫಲ್ ಹಿಡಿದವನು ಒಂದು ಗುಂಡು ಹೊಡೆದಾಗ ಅವನ ಕೋವಿ ಸತ್ತ ಸ್ಥಿತಿಯಲ್ಲಿರುತ್ತದೆ. ಬೋಲ್ಟ್ ಎತ್ತಿ, ಎಳೆದು, ತಳ್ಳಿ, ಮಡಚಿದರೆ ಮಾತ್ರ ಅದಕ್ಕೆ ಜೀವ ಬರುವುದು. ಇನ್ನೊಂದು ಈಡು ಬೇಕೋ ಬೇಡವೋ ಎಂದು ಅವನು ನಿರ್ಧರಿಸಲೇಬೇಕು. ಅರೆ ಸ್ವಯಂಚಾಲಿತ ರೈಫಲಿನಲ್ಲಿ ಆ ನಿರ್ಧಾರವನ್ನು ಯಂತ್ರ ಆಗಲೇ ತೆಗೆದುಕೊಂಡಿರುತ್ತದೆ. ಡಿಸೆಂಬರಿನ ಚಳಿ, ಕೈಗೆ ದಪ್ಪ ಗವಸು, ಎದೆ ಡವಡವ. ಜಿಂಕೆ ಬಿದ್ದಿತೆಂದು ಬೇಟೆಗಾರ ಮರಸಿನಿಂದೆದ್ದು ಮಂಜಿನ ಮೇಲೆ, ಬಿದ್ದ ಮರಗಳನ್ನು ದಾಟಿಕೊಂಡು ಧಾವಿಸುತ್ತಾನೆ. ಅವನ ಕೈಯಲ್ಲಿರುವುದು ತೋಟೆ ತುಂಬಿ ಸಿಡಿಯಲು ಸಿದ್ಧವಾಗಿರುವ ಕೋವಿ. ಸೇಫ್ಟಿ ಹಾಕಬಹುದಲ್ಲ ಎನ್ನುತ್ತೀರಿ. ಗರಾಂಡಿನ ಸೇಫ್ಟಿ ಇರುವುದು ಟ್ರಿಗರ್ ಕಾವಲಿನ ಮುಂಭಾಗದಲ್ಲಿ. ಅದನ್ನು ಹಾಕಲು ಟ್ರಿಗರಿನ ದಿಕ್ಕಿಗೇ ಹಿಂದಕ್ಕೆ ಎಳೆಯಬೇಕು, ತೆಗೆಯಲು ಕಾವಲಿನ ಒಳಗೇ ಬೆರಳು ತೂರಿಸಿ ಮುಂದಕ್ಕೆ ತಳ್ಳಬೇಕು. ಗವಸು ತೊಟ್ಟ, ಚಳಿಗೆ ಮರಗಟ್ಟಿದ ಬೆರಳಿಗೆ ಟ್ರಿಗರಿನ ಪಕ್ಕದಲ್ಲಿ ಇಂಥ ಕೆಲಸ ಕೊಡುವುದು ನನಗಂತೂ ಒಪ್ಪಿಗೆಯಿಲ್ಲ.

ಪಂಪ್ ರೈಫಲೂ ಅಷ್ಟೇ ವೇಗ ಎನ್ನುವ ವಾದಕ್ಕೂ ಇದೇ ಉತ್ತರ. ವೇಗ ನನ್ನ ಆತಂಕವಲ್ಲ. ಪಂಪ್ ಮಾಡಲು ಮನುಷ್ಯನ ಎಡಗೈ ಬೇಕು, ಆ ಕೈ ತಾನಾಗಿ ಚಲಿಸುವುದಿಲ್ಲ.

ಇವು ಹಳೆಯ ಕೋವಿಗಳು ಎಂಬುದನ್ನು ಪರವಾದಿಗಳು ಅಭಿಮಾನದಿಂದ ಹೇಳುತ್ತಾರೆ. ಹಳತಾಗಿರುವುದೇ ತೊಂದರೆ. 742ರ ಬೋಲ್ಟ್ ತಿರುಗಿ ತಿರುಗಿ ರಿಸೀವರಿನ, ಅಂದರೆ ಅದು ಕೂರುವ ಲೋಹದ ಮೈಯ, ಒಳಹಳಿಗಳನ್ನು ಕೊರೆಯುತ್ತದೆ. ಹಲವು ಸಾವಿರ ಈಡುಗಳಾದ ಮೇಲೆ ಅಲ್ಲಿ ಗಾಡಿಯ ರಸ್ತೆಯ ಮೇಲಿನ ಗುಂಡಿಗಳಂತೆ ಸಾಲು ಗಾಯಗಳು ಕಾಣಿಸುತ್ತವೆ, ಆಮೇಲೆ ಕೋವಿ ಕಚ್ಚಿಕೊಳ್ಳಲು ಶುರು. ಸವೆದ ರಿಸೀವರಿಗೆ ದುರಸ್ತಿ ಎಂಬುದೇ ಇಲ್ಲವೆಂದು ಕೋವಿ ರಿಪೇರಿ ಮಾಡುವವರು ಕೈಚೆಲ್ಲುತ್ತಾರೆ. ಅದೇ ಕಾಲದ ವಿಂಚೆಸ್ಟರ್ 100ರಲ್ಲಿ, ತೋಟೆಗೆ ಬಡಿದು ಅದನ್ನು ಸಿಡಿಸುವ ಫೈರಿಂಗ್ ಪಿನ್ ಮುರಿದು ಅಪಾಯವಾಗುವ ಸಂಭವವಿದ್ದುದರಿಂದ ಪಿನ್ ಬದಲಿಸಿಕೊಳ್ಳಿ ಎಂದು ತಯಾರಕರೇ ಕೋವಿಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಸೋವಿಯತ್ ಸೇನೆಯ ಎಸ್‌ಕೆಎಸ್ ರೈಫಲಿನ ಫೈರಿಂಗ್ ಪಿನ್ನಿಗೆ ಸಾಮಾನ್ಯವಾಗಿ ಸ್ಪ್ರಿಂಗ್ ಇರುವುದಿಲ್ಲ. ಉಗ್ರಾಣದಲ್ಲಿ ಬಳಿದ ಜಿಡ್ಡು ಒಳಗೆ ಗಟ್ಟಿಯಾಗಿ ಪಿನ್ ಮುಂದಕ್ಕೇ ಸಿಕ್ಕಿಕೊಂಡರೆ ಬೋಲ್ಟ್ ಮುಚ್ಚಿದ ಏಟಿಗೆ, ಟ್ರಿಗರ್ ಮುಟ್ಟದೆಯೇ, ಗುಂಡು ಹಾರುತ್ತದೆ. ಗರಾಂಡಿಗೆ ಇಂದಿನ ಅಂಗಡಿಯ ಬಿರುಸಾದ ತೋಟೆ ಹಾಕಿದರೆ ಒಳಗಿನ ಉದ್ದನೆಯ ಕಡ್ಡಿ ಬಾಗಬಹುದು. ತಾತನಿಂದ ಬಂದ ಕೋವಿಯೊಳಗೆ ಎಷ್ಟು ಸವೆತವಾಗಿದೆ ಎಂಬುದು ಹೊರಗಿನ ವಾಲ್ನಟ್ ಮರದ ಹೊಳಪು ನೋಡಿದರೆ ತಿಳಿಯುವುದಿಲ್ಲ. ಹಳೆಯ ಬೋಲ್ಟ್ ರೈಫಲೂ ಕೆಡುತ್ತದೆ, ನಿಜ. ಆದರೆ ಅದು ತಾನಾಗಿ ತೋಟೆ ತುಂಬಿಕೊಳ್ಳುವುದಿಲ್ಲ.

ಇದನ್ನು ಪೆನ್ಸಿಲ್ವೇನಿಯಾದ ಬೇಟೆಯ ರೀತಿಯೊಂದಿಗೆ ಸೇರಿಸಿ ಯೋಚಿಸಬೇಕು. ನಮ್ಮ ಮಲೆನಾಡಿನ ಹಳೆಯ ಸೋವಿನ ಹಾಗೆ ಇಲ್ಲಿಯೂ ಕೆಲವರು ಹಳು ನುಗ್ಗಿ ಜಿಂಕೆ ಎಬ್ಬಿಸುತ್ತಾರೆ, ಕೆಲವರು ತುದಿಯಲ್ಲಿ ಕಾದು ನಿಲ್ಲುತ್ತಾರೆ. ಕಾನೂನಿನ ಪ್ರಕಾರ ಇಪ್ಪತ್ತೈದು ಜನರವರೆಗೆ ಒಟ್ಟಿಗೆ ಹೋಗಬಹುದು. ಓಡುವ ಜಿಂಕೆ, ಅದರ ಆಚೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಸಂಗಾತಿಗಳು, ಅವರಾಚೆ ಹೊಲ, ಮನೆ. ಜನರಿರುವ ಮನೆಯಿಂದ 150 ಗಜದೊಳಗೆ ಬೇಟೆಯಾಡಬಾರದೆಂಬ ನಿಯಮವಿದೆ, ಆದರೆ ಜಿಂಕೆ ಬೇಟೆಗೆ ಬಳಸುವ ಥರ್ಟಿ-ಆಟ್-ಸಿಕ್ಸ್ ಅಳತೆಯ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ. ಮೊದಲ ಗುಂಡು ತಪ್ಪಿದಾಗ, ಓಡುತ್ತಿರುವ ಜಿಂಕೆಯ ಹಿಂದೆಯೇ ನಳಿಗೆ ತಿರುಗುತ್ತದೆ, ಬೆರಳು ತಾನಾಗಿ ಎಳೆಯುತ್ತದೆ. ಎರಡನೆಯ, ಮೂರನೆಯ ಗುಂಡಿನ ಹಿನ್ನೆಲೆಯಲ್ಲಿ ಏನಿದೆ ಎಂದು ನೋಡುವ ವ್ಯವಧಾನ ಯಾರಿಗಿರುತ್ತದೆ?

ಗಾಯಗೊಂಡ ಜಿಂಕೆಯ ನರಳಾಟದ ಬಗ್ಗೆ ಎದುರು ಪಕ್ಷದವರಿಗಿರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಅದು ಕಡಿಮೆಯಾಗಬೇಕಾದರೆ ಮೊದಲ ಗುಂಡಿಗೆ ಮುನ್ನ ಕಾಯುವ ತಾಳ್ಮೆ ಬೇಕು. ಜಿಂಕೆ ಅಡ್ಡ ನಿಲ್ಲಲಿಲ್ಲವೇ, ಹೊಡೆಯಬಾರದು. ಇನ್ನೊಂದು ಈಡು ಸಿದ್ಧವಿದೆ ಎಂಬ ಧೈರ್ಯ ಆ ತಾಳ್ಮೆಯನ್ನೇ ತಿನ್ನುತ್ತದೆ. ಭುಜದ ನೋವಿಗೂ ಸುಲಭದ ದಾರಿಯಿದೆ: ಸಣ್ಣ ತೋಟೆಯ ರೈಫಲ್ ಕೊಳ್ಳಿ. ಪಾಯಿಂಟ್ 243 ವಿಂಚೆಸ್ಟರ್ ತೋಟೆ ಬಿಳಿಬಾಲದ ಜಿಂಕೆಗೆ ಧಾರಾಳವಾಗಿ ಸಾಕು, ಒದೆತ ಅದರಲ್ಲಿ ತೀರಾ ಕಡಿಮೆ. ಕೈ ಸ್ವಾಧೀನವಿಲ್ಲದವರ ವಿಷಯ ಬೇರೆ. ಅವರಿಗೆ ವಿಶೇಷ ಅನುಮತಿ ಕೊಡಲಿ, ಅದನ್ನು ನೆಪ ಮಾಡಿಕೊಂಡು ಎಲ್ಲರಿಗೂ ಬಾಗಿಲು ತೆರೆಯಬಾರದು.

ಕಮಿಷನ್ 2017ರಲ್ಲಿ ಹಿಂದೆ ಸರಿದದ್ದು ಪ್ರಾಣಿದಯಾ ಸಂಘಗಳಿಗೆ ಅಂಜಿ ಅಲ್ಲ. ಅದು ಪರವಾನಗಿ ಇರುವ ನಾಲ್ಕು ಸಾವಿರ ಬೇಟೆಗಾರರನ್ನೇ ಕೇಳಿತು. ಸುಮಾರು ಅರ್ಧದಷ್ಟು ಜನ ಉತ್ತರಿಸಿದರು, ಅವರಲ್ಲಿ ಶೇಕಡ 64ರಷ್ಟು ಮಂದಿ ದೊಡ್ಡ ಪ್ರಾಣಿಗಳಿಗೆ ಇಂಥ ರೈಫಲ್ ಬೇಡವೆಂದರು. ತಲೆತಲಾಂತರದಿಂದ ಆ ಕಾಡಿನಲ್ಲಿ ಪಕ್ಕಪಕ್ಕದಲ್ಲಿ ಕೂತು ಬೇಟೆಯಾಡುವವರು ತಮ್ಮ ನೆರೆಯವನ ಕೈಯಲ್ಲಿ ಯಾವ ಕೋವಿ ಇರಬೇಕೆಂದು ಹೇಳಿದ ಮಾತು ಅದು. ಆ ಮಾತಿಗೆ ನ್ಯೂಯಾರ್ಕ್, ವೆಸ್ಟ್ ವರ್ಜೀನಿಯಾಗಳ ನಿಯಮಗಳಿಗಿಂತ ಹೆಚ್ಚು ತೂಕವಿದೆ.

ಕಮಿಷನ್ ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರೆ ನಾನು ಬರೆದು ತಿಳಿಸುವುದು ಎರಡೇ ಬೇಡಿಕೆ. ಜಿಂಕೆಗೆ ಈಗಿರುವ ನಿಷೇಧ ಮುಂದುವರಿಯಲಿ. ಹಳೆಯ ಅರೆ ಸ್ವಯಂಚಾಲಿತ ರೈಫಲ್ ಇರುವವರು ವರ್ಷಕ್ಕೊಮ್ಮೆ ಅದನ್ನು ನುರಿತವರಿಂದ ಬಿಚ್ಚಿಸಿ ಪರೀಕ್ಷಿಸಿಕೊಳ್ಳಬೇಕೆಂಬ ಪಾಠ ಬೇಟೆಗಾರರ ಸುರಕ್ಷತಾ ತರಗತಿಗೆ ಸೇರಲಿ.