ಅಮೆರಿಕವನ್ನು ‘ದೊಡ್ಡಣ್ಣ’ ಎನ್ನುವುದನ್ನು ಬಿಡೋಣ

ನಮ್ಮ ಪತ್ರಿಕೆಗಳು, ಸುದ್ದಿವಾಹಿನಿಗಳು ಅಮೆರಿಕವನ್ನು ‘ವಿಶ್ವದ ದೊಡ್ಡಣ್ಣ’ ಎಂದು ಕರೆಯುತ್ತಲೇ ಬಂದಿವೆ. ‘ದೊಡ್ಡಣ್ಣನ ಎಚ್ಚರಿಕೆ’, ‘ದೊಡ್ಡಣ್ಣನ ಮುನಿಸು’. ಮೊದಲು ಇದರಲ್ಲಿ ಕುಟುಕು ಇದ್ದಿರಬಹುದು. ಈಗ ಅದು ಸವೆದು ಬಿರುದಾಗಿ ಉಳಿದಿದೆ. ಅಣ್ಣ ಗದರಿದರೆ ನಾವು ಅದನ್ನು ಅವನ ಹಕ್ಕೆಂದು ಸಹಿಸಿಕೊಳ್ಳುತ್ತೇವೆ, ಹಿಂದೆ ಅಕ್ಕರೆಯೂ ಇದೆಯೆಂದು ನಂಬುತ್ತೇವೆ. ಒಂದು ದೇಶ ಇನ್ನೊಂದರ ಕೈ ತಿರುಚುವಾಗ ಅದಕ್ಕೆ ಈ ಸಲುಗೆಯ ಬಣ್ಣ ಬಳಿಯುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಬಿರುದುಗಳು ಎಷ್ಟು ಬೇಗ ಹುಸಿಯಾಗುತ್ತವೆ ನೋಡಿ. 1944ರಲ್ಲಿ ವಿಲಿಯಂ ಫಾಕ್ಸ್ ಎಂಬ ಅಮೆರಿಕದ ವಿದ್ವಾಂಸ ‘ಸೂಪರ್ ಪವರ್’ ಎಂಬ ಹೆಸರನ್ನು ಪ್ರಚಾರಕ್ಕೆ ತಂದಾಗ ಪಟ್ಟಿಯಲ್ಲಿ ಮೂರು ದೇಶಗಳಿದ್ದವು: ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್. 1956ರ ಜುಲೈನಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸೆರ್ ಸುಯೆಜ್ ಕಾಲುವೆಯನ್ನು ರಾಷ್ಟ್ರೀಕರಣಗೊಳಿಸಿದರು. ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್ ಒಳಗೊಳಗೇ ಮಾತಾಡಿಕೊಂಡು ದಾಳಿ ಮಾಡಿದವು. ರಣರಂಗದಲ್ಲಿ ಬ್ರಿಟನ್ ಸೋಲಲಿಲ್ಲ. ಅದು ಸೋತದ್ದು ಪೌಂಡ್ ಕುಸಿಯತೊಡಗಿದಾಗ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ನೆರವು ಬೇಕೆಂದರೆ ಮೊದಲು ಕದನ ನಿಲ್ಲಿಸಿ ಎಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸರ್ಕಾರ ಪಟ್ಟು ಹಿಡಿಯಿತು. ಡಿಸೆಂಬರ್ ಮುಗಿಯುವುದರೊಳಗೆ ಬ್ರಿಟಿಷ್ ಸೈನಿಕರು ಹಿಂದಿರುಗಿದ್ದರು. ಜನವರಿಯಲ್ಲಿ ಪ್ರಧಾನಿ ಈಡನ್ ರಾಜೀನಾಮೆ ಕೊಟ್ಟರು. ಅಮೆರಿಕ ಒಂದು ಗುಂಡನ್ನೂ ಹಾರಿಸಲಿಲ್ಲ.

ಆ ಬಲ ನಮ್ಮನ್ನೂ ಬಿಟ್ಟಿಲ್ಲ. 1965–66ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ಭಾರತಕ್ಕೆ ಗೋಧಿಯನ್ನು ಒಮ್ಮೆಗೇ ಕೊಡದೆ, ಕಂತುಕಂತಾಗಿ ತಡೆತಡೆದು ಬಿಟ್ಟರು. ನಮ್ಮ ಕೃಷಿ ನೀತಿ ಬದಲಾಗಬೇಕಿತ್ತು, ವಿಯೆಟ್ನಾಂ ಯುದ್ಧದ ಬಗ್ಗೆ ನಾವು ಆಡುತ್ತಿದ್ದ ಮಾತೂ ಅವರಿಗೆ ಹಿಡಿಸಿರಲಿಲ್ಲ. 1971ರ ಬಾಂಗ್ಲಾ ಯುದ್ಧದ ವೇಳೆ ಬಂಗಾಳ ಕೊಲ್ಲಿಯತ್ತ ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ ಬಂದದ್ದು ಎಲ್ಲರಿಗೂ ಗೊತ್ತು. ಆದರೆ ಹಸಿದವರ ಗೋಧಿಯನ್ನು ತಡೆದು ಕೊಟ್ಟದ್ದು ನನಗೆ ಆ ನೌಕೆಗಿಂತ ಕ್ರೂರವಾಗಿ ಕಾಣುತ್ತದೆ.

ಇತ್ತೀಚಿನದನ್ನೇ ನೋಡಿ. ನಮ್ಮ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರ ಇರಾನಿನ ಕಚ್ಚಾ ತೈಲವನ್ನು ವರ್ಷಗಟ್ಟಲೆ ಕೊಂಡಿದೆ. 2018ರಲ್ಲಿ ಅಮೆರಿಕ ಇರಾನ್ ಜತೆಗಿನ ಅಣು ಒಪ್ಪಂದದಿಂದ ಹೊರನಡೆದು ನಿರ್ಬಂಧ ಹೇರಿತು. 2019ರ ಮೇ ತಿಂಗಳಲ್ಲಿ ಭಾರತಕ್ಕಿದ್ದ ವಿನಾಯಿತಿಯೂ ಮುಗಿದು ಖರೀದಿ ನಿಂತಿತು. ಆ ತೈಲಕ್ಕೆ ವಿಶ್ವಸಂಸ್ಥೆಯ ನಿಷೇಧವೇನೂ ಇರಲಿಲ್ಲ. ಡಾಲರ್ ವಹಿವಾಟಿನ ಬಾಗಿಲು ಮುಚ್ಚೀತೆಂಬ ಭಯವೊಂದೇ ಬ್ಯಾಂಕುಗಳಿಗೂ ಹಡಗು ಕಂಪನಿಗಳಿಗೂ ವಿಮಾ ಕಂಪನಿಗಳಿಗೂ ಸಾಕಾಯಿತು. ಇದರಲ್ಲಿ ಅಣ್ಣತನ ಎಲ್ಲಿದೆ?

ಇನ್ನೊಂದು ಮಾತನ್ನೂ ಹೇಳಲೇಬೇಕು. ನೇಪಾಳದಲ್ಲಿ ಈ ದೊಡ್ಡಣ್ಣನ ಬಿರುದು ಇರುವುದು ನಮಗೆ. 2015ರಲ್ಲಿ ಗಡಿಯಲ್ಲಿ ಸರಕು ನಿಂತು ಅಲ್ಲಿ ಅಡುಗೆ ಅನಿಲಕ್ಕೂ ಪೆಟ್ರೋಲಿಗೂ ಪರದಾಟವಾಯಿತು. ದಿಗ್ಬಂಧನ ಹಾಕಿಲ್ಲವೆಂದು ದೆಹಲಿ ಹೇಳಿತು, ಕಠ್ಮಂಡು ನಂಬಲಿಲ್ಲ. ಭಾರತ ಮಹಾಶಕ್ತಿಯಾಗಲಿ ಎಂದು ಹಾರೈಸುವವರು ಅಲ್ಲಿಯವರ ಸಿಟ್ಟನ್ನೂ ಒಮ್ಮೆ ಕಿವಿಗೊಟ್ಟು ಕೇಳಬೇಕು.

ಕನ್ನಡದ ಪತ್ರಕರ್ತ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು. ಬಿರುದು ಬಿಡಿ, ಕೆಲಸ ಬರೆಯಿರಿ. ನಿರ್ಬಂಧ ಹೇರಿದ್ದು ಅಮೆರಿಕದ ಖಜಾನೆ ಇಲಾಖೆಯಾದರೆ ಶೀರ್ಷಿಕೆಯಲ್ಲಿ ಹಾಗೆಯೇ ಇರಲಿ. ಭದ್ರತಾ ಮಂಡಳಿಯಲ್ಲಿ ವಿಟೊ ಚಲಾಯಿಸಿದ್ದು ರಷ್ಯಾ ಆದರೂ ಚೀನಾ ಆದರೂ ಯಾವ ನಿರ್ಣಯದ ವಿರುದ್ಧ ಎಂಬುದು ಮೊದಲ ಸಾಲಿನಲ್ಲೇ ಬರಲಿ.