ಮಕ್ಕಳ ಕೈಗೆ ಕೀ ಕೊಡುವ ಮೊದಲು ಗಾಡಿಯ ವಿಮೆ ಪಾಲಿಸಿ ತೆಗೆದು ಓದಿ

ಪಿಯುಸಿ ರಿಸಲ್ಟ್ ಬಂದು, ಸಿಇಟಿ ಗಡಿಬಿಡಿ ಮುಗಿಯುವ ಹೊತ್ತಿಗೆ ನಮ್ಮ ಶಿರಸಿ ಕಡೆಯ ಮನೆಗಳಲ್ಲಿ ಇನ್ನೊಂದು ಮಾತು ಶುರುವಾಗುತ್ತದೆ. ಮಕ್ಕಳಿಗೆ ಗಾಡಿಯ ಮಾತು. ಹದಿನೆಂಟು ತುಂಬಿದವರು ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಲು ಓಡುತ್ತಾರೆ. ತುಂಬದವರಲ್ಲಿ ಎಷ್ಟೋ ಜನ ಅಷ್ಟೊತ್ತಿಗಾಗಲೇ ಓಡಿಸುತ್ತಿರುತ್ತಾರೆ. ಕೇಳಿದರೆ ಉತ್ತರ ಸಿದ್ಧ: "ಥರ್ಡ್ ಪಾರ್ಟಿ ಇದ್ದಲೋ ಭಾವ, ಎಂತ ಆಗ್ತಿಲ್ಲೆ ಬಿಡು." ಈ ಮಾತು ಕೇಳಿದಾಗೆಲ್ಲ ನನಗೆ ಹೆದರಿಕೆ ಆಗುತ್ತದೆ. ಹೇಳುವವರು ಕೆಟ್ಟವರಲ್ಲ, ಮಕ್ಕಳ ಮೇಲೆ ಪ್ರೀತಿ ಇಲ್ಲದವರೂ ಅಲ್ಲ. ಆದರೆ ಆ ಥರ್ಡ್ ಪಾರ್ಟಿ ಕಾಗದ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಇರುವ ಕಡ್ಡಾಯ ವಿಮೆ, ಯಾರನ್ನು ಕಾಯುತ್ತದೆ, ಯಾರನ್ನು ಬಿಡುತ್ತದೆ ಅಂತ ಅವರು ನೋಡಿಲ್ಲ. ನನ್ನ ಮಗನಿಗೂ ಈ ವರ್ಷ ಹದಿನೆಂಟು ತುಂಬಿತು. ಆ ನೆಪದಲ್ಲಿ ನಮ್ಮ ಕಾರಿನ ಪಾಲಿಸಿಯನ್ನು ಕೊನೇ ಪುಟದವರೆಗೆ ಓದಿದೆ, ಗೊತ್ತಿರುವವರ ಹತ್ತಿರ ಕೇಳಿ ತಿಳಿದುಕೊಂಡೆ. ಉದ್ದ ಆದರೂ ಪರವಾಗಿಲ್ಲ, ಎಲ್ಲ ಬರೆಯುತ್ತೇನೆ.

ಅಮೆರಿಕದಲ್ಲಿರುವ ನಮ್ಮವರನ್ನು ಕೇಳಿ ನೋಡಿ. ಅಲ್ಲಿ ಮನೆಯ ಪಾಲಿಸಿಗೆ ಹದಿಹರೆಯದ ಮಗನ ಹೆಸರು ಸೇರಿಸಿದ ಕೂಡಲೇ ಪ್ರೀಮಿಯಂ ವಿಪರೀತ ಏರುತ್ತದೆ. ಚೆನ್ನಾಗಿ ಓದುವ ಮಕ್ಕಳಿಗೆ ಒಂದಿಷ್ಟು ರಿಯಾಯಿತಿ ಉಂಟು. ಕಾರನ್ನು ಮನೆಯಲ್ಲೇ ಬಿಟ್ಟು ದೂರದ ಕಾಲೇಜಿಗೆ ಹೋದವರಿಗೂ ಎಷ್ಟೋ ಕಂಪನಿಗಳು ಕಡಿಮೆ ಮಾಡುತ್ತವೆ. ಅಂದರೆ ಯಾರು ಓಡಿಸುತ್ತಾರೆ ಅನ್ನುವುದನ್ನು ಅಲ್ಲಿ ಮೊದಲೇ ಕೇಳುತ್ತಾರೆ. ನಮ್ಮಲ್ಲಿ ಹಾಗಲ್ಲ. ಇಲ್ಲಿ ಪ್ರೀಮಿಯಂ ನಿಲ್ಲುವುದು ಗಾಡಿಯ ಸಿಸಿ, ವಯಸ್ಸು, ಐಡಿವಿ (ವಿಮೆಗೆ ಹಿಡಿಯುವ ಗಾಡಿಯ ಬೆಲೆ) ಇಂಥವುಗಳ ಮೇಲೆ. ಮೊಬೈಲಿನಲ್ಲಿ ಹತ್ತು ನಿಮಿಷದಲ್ಲಿ ಪಾಲಿಸಿ ಬಂದುಬಿಡುತ್ತದೆ. ಮನೆಯಲ್ಲಿ ಹದಿನೇಳರ ಹುಡುಗ ಇದ್ದಾನಾ, ಕೀ ಎಲ್ಲಿ ಇಡುತ್ತೀರಿ ಅಂತ ಯಾರೂ ಕೇಳುವುದಿಲ್ಲ. ಕೊಳ್ಳುವಾಗ ಕೇಳದ ಈ ಪ್ರಶ್ನೆಯನ್ನು ಅಪಘಾತ ಆದ ಮೇಲೆ ಕೇಳುತ್ತಾರೆ. ಆಗ ಉತ್ತರ ಬದಲಾಯಿಸಲು ಆಗುವುದಿಲ್ಲ.

ಪಾಲಿಸಿಯಲ್ಲಿ ಡ್ರೈವರ್ ಕ್ಲಾಸ್, ಅಂದರೆ ಚಾಲಕರ ಷರತ್ತು, ಅಂತ ಒಂದು ತುಂಡು ಇರುತ್ತದೆ. ಸಣ್ಣ ಅಕ್ಷರ, ನಾಲ್ಕೈದು ಸಾಲು. ಅದರ ಸಾರ ಇಷ್ಟು: ಯಾರು ಬೇಕಾದರೂ ಓಡಿಸಬಹುದು, ಆದರೆ ಅಪಘಾತ ಆದ ಹೊತ್ತಿಗೆ ಅವರ ಹತ್ತಿರ ಆ ಬಗೆಯ ಗಾಡಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು. ಎಲ್‌ಎಲ್ ಇದ್ದವರೂ ಓಡಿಸಬಹುದು, ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಪಾಲಿಸಿರಬೇಕು. ಲೈಸೆನ್ಸ್ ಇರುವ, ಕಲಿಸುವ ವ್ಯಕ್ತಿ ಗಾಡಿ ನಿಲ್ಲಿಸಲು ಆಗುವ ಹಾಗೆ ಪಕ್ಕದಲ್ಲೇ ಕೂತಿರಬೇಕು ಅನ್ನುತ್ತದೆ ಆ ನಿಯಮ. ಗಾಡಿಯ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು 'ಎಲ್' ಇರಬೇಕು. ನಮ್ಮಲ್ಲಿ ಎಲ್‌ಎಲ್ ಕೈಗೆ ಬಂತು ಅಂದರೆ ಲೈಸೆನ್ಸೇ ಬಂತು ಅನ್ನುವ ಲೆಕ್ಕ. ಹುಡುಗ ಒಬ್ಬನೇ ಕಾರು ತೆಗೆದುಕೊಂಡು ಕುಮಟೆಗೆ ಇಳಿದಿರುತ್ತಾನೆ. ದೇವಿಮನೆ ಘಾಟಿಯಲ್ಲಿ ಏನಾದರೂ ಆದರೆ ಆ ಎಲ್‌ಎಲ್ ಕಾಗದದಿಂದ ಉಪಯೋಗ ಆಗುವುದು ಕಷ್ಟ.

ಹದಿನೆಂಟು ತುಂಬದವರ ವಿಷಯಕ್ಕೆ ಬರೋಣ. ಹದಿನಾರಕ್ಕೆ ಲೈಸೆನ್ಸ್ ಸಿಗುತ್ತದಲ್ವಾ ಅಂತ ಕೆಲವರು ವಾದ ಮಾಡುತ್ತಾರೆ. ಸಿಗುತ್ತದೆ, ಆದರೆ ಗೇರ್ ಇಲ್ಲದ, 50 ಸಿಸಿ ಮೀರದ ಗಾಡಿಗೆ ಮಾತ್ರ. ಟ್ಯೂಷನ್ ಮುಂದೆ ಸಾಲಾಗಿ ನಿಂತಿರುವ ಸ್ಕೂಟರ್‌ಗಳೆಲ್ಲ ನೂರು ಸಿಸಿ ಮೇಲಿನವು. ಹಾಗಾಗಿ ಆ ಲೈಸೆನ್ಸ್ ಅವಕ್ಕೆ ನಡೆಯುವುದಿಲ್ಲ. ಹದಿನೆಂಟರ ನಂತರವೂ ಗೇರ್ ಇಲ್ಲದ ಸ್ಕೂಟರಿನ ಲೈಸೆನ್ಸ್ ಇಟ್ಟುಕೊಂಡು ಗೆಳೆಯನ ಗೇರ್ ಬೈಕ್ ಓಡಿಸಿದರೆ ಅದೇ ತೊಂದರೆ. ಇನ್ನು 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿಲೋಮೀಟರ್ ದಾಟದ ಬ್ಯಾಟರಿ ಸ್ಕೂಟರಿಗೆ ಲೈಸೆನ್ಸೂ ಬೇಡ, ರಿಜಿಸ್ಟ್ರೇಷನ್ನೂ ಬೇಡ. ನಿಜ. ಆದರೆ ಕಡ್ಡಾಯ ವಿಮೆಯೂ ಇರುವುದಿಲ್ಲ. ಅದು ಯಾರಿಗಾದರೂ ಗುದ್ದಿದರೆ ಹಣ ಕೊಡಬೇಕಾದವರು ಮನೆಯವರೇ.

2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಅಂತ ಕಲಂ ಸೇರಿತು. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಅಥವಾ ಗಾಡಿ ಮಾಲೀಕರೇ ಅಪರಾಧಿಗಳು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ರಿಜಿಸ್ಟ್ರೇಷನ್ ಹನ್ನೆರಡು ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. "ಅವನೇ ಕೀ ತಗೊಂಡು ಹೋದ, ನಂಗೆ ಗೊತ್ತೇ ಇರಲಿಲ್ಲ" ಅಂದರೆ ಸಾಲದು. ನಿಮಗೆ ಗೊತ್ತಿತ್ತು, ನೀವೇ ಒಪ್ಪಿದ್ದಿರಿ ಅಂತಲೇ ಕೋರ್ಟ್ ಹೊರಡುತ್ತದೆ. ಅಲ್ಲ ಅಂತ ತೋರಿಸುವ ಭಾರ ನಿಮ್ಮದು. ದಂಡದ ಸುದ್ದಿ ಪೇಪರಿನಲ್ಲಿ ಬರುತ್ತದೆ, ಎಲ್ಲರೂ ಓದಿ ಅಯ್ಯೋ ಅನ್ನುತ್ತಾರೆ. ನನಗೆ 25,000ಕ್ಕಿಂತ ದೊಡ್ಡ ಭಯ ಅದರ ನಂತರ ಬರುವ ಲೆಕ್ಕದ್ದು.

ಲೈಸೆನ್ಸ್ ಇಲ್ಲದ ಹುಡುಗ ದಾರಿಯಲ್ಲಿ ಹೋಗುವವರಿಗೆ ಗುದ್ದಿದ ಅಂತ ಇಟ್ಟುಕೊಳ್ಳಿ. ನೊಂದವರಿಗೆ ಪರಿಹಾರ ತಪ್ಪಬಾರದು ಅಂತ ಕೋರ್ಟುಗಳು ಎಷ್ಟೋ ಸಲ ವಿಮಾ ಕಂಪನಿಗೆ "ಮೊದಲು ನೀವು ಕೊಡಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ" ಅನ್ನುತ್ತವೆ. 2004ರಲ್ಲಿ ಸುಪ್ರೀಂ ಕೋರ್ಟ್ ಸ್ವರಣ್ ಸಿಂಗ್ ಪ್ರಕರಣದಲ್ಲಿ ಈ ದಾರಿಯನ್ನು ವಿವರವಾಗಿ ಹೇಳಿದೆ. ಮಾಲೀಕರು ಬೇಕಂತಲೇ ಅಥವಾ ಅಸಡ್ಡೆಯಿಂದ ಷರತ್ತು ಮುರಿದರು ಅಂತ ಕಂಪನಿ ತೋರಿಸಬೇಕು. ಹದಿನಾರರ ಮಗನಿಗೆ ಕೀ ಕೊಟ್ಟ ಅಪ್ಪನ ವಿಷಯದಲ್ಲಿ ಅದನ್ನು ತೋರಿಸುವುದು ಕಷ್ಟವಾ? ಥರ್ಡ್ ಪಾರ್ಟಿಯಲ್ಲಿ ಸಾವು, ಗಾಯಕ್ಕೆ ಪರಿಹಾರದ ಮಿತಿ ಇಲ್ಲ. ಹಾಗೆಯೇ ನಿಮ್ಮ ಮೇಲೆ ತಿರುಗಿ ಬರುವ ವಸೂಲಿಗೂ ಮಿತಿ ಇಲ್ಲ. ದುಡಿಯುವ ವಯಸ್ಸಿನವರು ತೀರಿಕೊಂಡರೆ ಪರಿಹಾರ ಹತ್ತಾರು ಲಕ್ಷ ದಾಟುತ್ತದೆ. ಎರಡು ಎಕರೆ ಅಡಿಕೆ ತೋಟದ ಮನೆಗೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾ? ನಿಮ್ಮ ಕಾರು ಜಖಂ ಆಗಿದ್ದಕ್ಕಂತೂ ಕಂಪನಿಯಿಂದ ಏನೂ ನಿರೀಕ್ಷಿಸುವ ಹಾಗಿಲ್ಲ.

ಈಗ ನನಗೆ ಎಲ್ಲಕ್ಕಿಂತ ಜಾಸ್ತಿ ಕಳವಳ ತಂದ ಸಂಗತಿ. ಇದರಲ್ಲಿ ಮಗನಿಗೆ ಹದಿನೆಂಟು ಆಗಿದೆ, ಪಕ್ಕಾ ಲೈಸೆನ್ಸ್ ಇದೆ, ಯಾವ ತಪ್ಪೂ ಇಲ್ಲ. ಗೆಳೆಯರು ನಾಲ್ಕು ಜನ ಸೇರಿ ಯಾಣಕ್ಕೋ ಮುರ್ಡೇಶ್ವರಕ್ಕೋ ಹೊರಟರು. ಕಾರಿನ ಪಾಲಿಸಿ ಬರೀ ಥರ್ಡ್ ಪಾರ್ಟಿ. ಅದರಲ್ಲಿ ಹಿಂದೆ ಕೂತ ಮೂವರು ಗೆಳೆಯರು ಬರುತ್ತಾರಾ? ಬರುತ್ತಾರೆ ಅಂತಲೇ ಹೆಚ್ಚಿನವರು ತಿಳಿದಿದ್ದಾರೆ. ಇಲ್ಲ. ಖಾಸಗಿ ಕಾರಿನಲ್ಲಿ ಬಾಡಿಗೆ ಕೊಡದೆ ಕೂತವರು, ಬೈಕಿನ ಹಿಂದೆ ಕೂತವರು, ಇವರ ಹೊಣೆ ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ತಾನಾಗಿ ಸೇರಿರುವುದಿಲ್ಲ. ಪ್ಯಾಕೇಜ್ ಪಾಲಿಸಿ, ಅಂದರೆ ನಾವು ಫುಲ್ ಇನ್ಶೂರೆನ್ಸ್ ಅನ್ನುತ್ತೇವಲ್ಲ, ಅದರಲ್ಲಿ ಸೇರಿರುತ್ತದೆ. 2009ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೀಗಂತ ಸ್ಪಷ್ಟಪಡಿಸಿತು. 2012ರ ಬಾಲಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಎರಡು ಪಾಲಿಸಿಗಳ ನಡುವಿನ ಈ ವ್ಯತ್ಯಾಸ ಎತ್ತಿ ಹೇಳಿತು.

ಹಳೇ ಕಾರು, ಹತ್ತು ವರ್ಷ ಆಯ್ತು, ಇನ್ನು ಫುಲ್ ಇನ್ಶೂರೆನ್ಸ್ ಯಾಕೆ ಸುಮ್ನೆ ದುಡ್ಡು ದಂಡ ಅಂತ ಬಿಟ್ಟಿರುತ್ತೇವೆ. ಮನೆಯ ಹೊಸ ಕಾರು ಅಪ್ಪನಿಗೆ, ಹಳೇದು ಮಗನಿಗೆ. ಹಾಗಾಗಿ ಊರಿನ ಅತಿ ಹೊಸ ಡ್ರೈವರ್ ಕೈಗೆ ಅತಿ ಕಡಿಮೆ ವಿಮೆಯ ಗಾಡಿ ಸೇರುತ್ತದೆ, ಅದರಲ್ಲಿ ಬೇರೆಯವರ ಮನೆಯ ಮಕ್ಕಳು ಕೂರುತ್ತಾರೆ. ನಾವು ನೋಡಿದ್ದು ಕಾರಿನ ಬೆಲೆ ಮಾತ್ರ. ಪಕ್ಕದ ಮನೆಯ ಹುಡುಗಿಯ ಕಾಲು ಮುರಿದರೆ ಆಸ್ಪತ್ರೆ ಖರ್ಚು, ಪರಿಹಾರ ಕೊಡಬೇಕಾದವರು ನೀವು. ಆ ಮನೆಯವರ ಜೊತೆ ಮತ್ತೆ ಮದುವೆ ಮುಂಜಿಯಲ್ಲಿ ಒಂದೇ ಪಂಕ್ತಿಯಲ್ಲಿ ಕೂರಬೇಕಾದವರೂ ನೀವೇ.

ಹಾಗಾದರೆ ಓಡಿಸುವ ಮಗನಿಗೆ? ಪಾಲಿಸಿಯಲ್ಲಿ 15 ಲಕ್ಷದ ಅಪಘಾತ ವಿಮೆ ಅಂತ ಬರೆದಿರುತ್ತದೆ. ನಮ್ಮ ಮನೆಯಲ್ಲೂ ಅದು ಗಾಡಿ ಓಡಿಸುವವರಿಗೆಲ್ಲ ಅಂತಲೇ ಮಾತಿತ್ತು. ಅದು 'ಓನರ್-ಡ್ರೈವರ್'ಗೆ, ಅಂದರೆ ಆರ್‌ಸಿಯಲ್ಲಿ (ಗಾಡಿಯ ರಿಜಿಸ್ಟ್ರೇಷನ್ ಪತ್ರದಲ್ಲಿ) ಹೆಸರಿದ್ದು ಲೈಸೆನ್ಸೂ ಇರುವವರಿಗೆ ಮಾತ್ರ. ಆರ್‌ಸಿ ಅಪ್ಪನ ಹೆಸರಲ್ಲಿದ್ದು ಮಗ ಓಡಿಸುತ್ತಿದ್ದರೆ ಆ 15 ಲಕ್ಷ ಮಗನದ್ದಲ್ಲ. ಥರ್ಡ್ ಪಾರ್ಟಿಯಲ್ಲೂ ಅವನಿಗೆ ಜಾಗ ಇಲ್ಲ. ಇಳಕಲ್‌ನಿಂದ ಗುಡೂರಿಗೆ ಬೇರೆಯವರ ಬೈಕ್ ಓಡಿಸಿಕೊಂಡು ಹೋಗುತ್ತಿದ್ದ ಒಬ್ಬರು ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. ಗಾಡಿ ಎರವಲು ತಂದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಅವನು ಮೂರನೆಯವನಲ್ಲ ಅಂತ 2009ರಲ್ಲಿ ಕೋರ್ಟ್ ಹೇಳಿತು. ನಮ್ಮದೇ ರಾಜ್ಯದ ಪ್ರಕರಣ. ಆದ್ದರಿಂದ ಮಗನ ಹೆಸರಿನಲ್ಲೇ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿ. ಮಗಳಿಗೂ ಅಷ್ಟೇ. ಇದು ಗಾಡಿಗೆ ಅಂಟಿಕೊಂಡದ್ದಲ್ಲ, ಯಾರ ಗಾಡಿ ಓಡಿಸಿದರೂ ಜೊತೆಗೆ ಬರುತ್ತದೆ. ಲೈಸೆನ್ಸ್ ಷರತ್ತು ಏನಿದೆ ಅಂತ ಮಾತ್ರ ಓದಿಕೊಳ್ಳಿ.

ತೋಟದ ಮನೆಯವರಿಗೆ ಒಂದು ಮಾತು. ಅಡಿಕೆ ಕೊನೆ ಕೊಯ್ಲಿನ ಸಮಯದಲ್ಲಿ ಡ್ರೈವರ್ ಸಿಗುವುದಿಲ್ಲ, ಹತ್ತೊಂಬತ್ತರ ಮಗನೇ ಹಳದಿ ಬೋರ್ಡಿನ ಪಿಕಪ್‌ನಲ್ಲಿ ಅಡಿಕೆ ತುಂಬಿಕೊಂಡು ಎಪಿಎಂಸಿ ಯಾರ್ಡಿಗೆ ಬರುತ್ತಾನೆ. ಅವನ ಹತ್ತಿರ ಕಾರಿನ ಲೈಸೆನ್ಸ್ ಇದೆ. ಚಿಕ್ಕ ಸಾಗಣೆ ಗಾಡಿಗೆ ಕಾರಿನ ಲೈಸೆನ್ಸ್ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ನಿಜ. ಆದರೆ ಸಾಗಣೆ ವಾಹನ ಓಡಿಸಲು ಕಾಯ್ದೆಯ ಪ್ರಕಾರ 20 ತುಂಬಿರಬೇಕು. ಇದು ಎಷ್ಟು ಜನರಿಗೆ ಗೊತ್ತು? ಹಿಂದೆ ಲೋಡಿನ ಮೇಲೆ ಆಳುಗಳನ್ನು ಕೂರಿಸಿಕೊಂಡು ಬರುವುದನ್ನಂತೂ ದಯವಿಟ್ಟು ನಿಲ್ಲಿಸಿ.

ಕಾರವಾರ, ಸದಾಶಿವಗಡದ ಕಡೆ ಇನ್ನೊಂದು ರೂಢಿ. ಗೋವಾದಿಂದ ಸೆಕೆಂಡ್ ಹ್ಯಾಂಡ್ ಬೈಕೋ ಕಾರೋ ತರುತ್ತಾರೆ, ಹೆಸರು ಬದಲಾಯಿಸುವುದು ಹಾಗೇ ಉಳಿಯುತ್ತದೆ. ಪಾಲಿಸಿ ಹಳೇ ಮಾಲೀಕರ ಹೆಸರಲ್ಲೇ ಇದ್ದರೆ ನಿಮ್ಮ ಗಾಡಿಯ ರಿಪೇರಿ ಹಣ ಸಿಗುವುದು ಕಷ್ಟ, 15 ಲಕ್ಷದ ಮಾತಂತೂ ಇಲ್ಲವೇ ಇಲ್ಲ. ಕೊಂಡ 14 ದಿನದೊಳಗೆ ಪಾಲಿಸಿ ವರ್ಗಾವಣೆಗೆ ಬರೆದುಕೊಡಿ. ಗೋವಾದಲ್ಲಿ ಬೈಕ್ ಬಾಡಿಗೆಗೆ ಪಡೆಯುವ ಮಕ್ಕಳಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವ ಗಾಡಿಯನ್ನೇ ತೆಗೆದುಕೊಳ್ಳಲು ಹೇಳಿ. ಬಿಳಿ ಪ್ಲೇಟಿನ ಖಾಸಗಿ ಗಾಡಿಯ ಪಾಲಿಸಿಯಲ್ಲಿ ಬಾಡಿಗೆಗೆ ಕೊಡುವಂತಿಲ್ಲ ಅಂತ ಬರೆದೇ ಇರುತ್ತದೆ. ಗೆಳೆಯರಿಂದ ಬಾಡಿಗೆ ಎತ್ತಿ ಅಪ್ಪನ ಕಾರಿನಲ್ಲಿ ಕರೆದುಕೊಂಡು ಹೋಗುವವರಿಗೂ ಇದೇ ಅನ್ವಯ.

ದುಡ್ಡಿನ ಮಾತು ಬಂದೇ ಬರುತ್ತದೆ. 2022ರ ಜೂನ್‌ನಿಂದ ಜಾರಿಗೆ ಬಂದ ದರದಲ್ಲಿ 1000 ಸಿಸಿವರೆಗಿನ ಕಾರಿನ ಥರ್ಡ್ ಪಾರ್ಟಿಗೆ ವರ್ಷಕ್ಕೆ 2,094 ರೂಪಾಯಿ, 1000 ದಾಟಿ 1500 ಸಿಸಿವರೆಗೆ 3,416. ಹಳೇ ಕಾರಿಗೆ ಐಡಿವಿ ಕಡಿಮೆ ಇರುವುದರಿಂದ ಪ್ಯಾಕೇಜ್ ಮಾಡಿಸಲು ಇದರ ಮೇಲೆ ಬೀಳುವುದು ನೀವು ಅಂದುಕೊಂಡಷ್ಟು ದೊಡ್ಡ ಮೊತ್ತ ಅಲ್ಲ. ಕೇಳಿ ನೋಡಿ. ನಾನು ನಮ್ಮ ಹಳೇ ಕಾರಿಗೆ ಪ್ಯಾಕೇಜನ್ನೇ ಮಾಡಿಸಿದೆ. ಹೊಸ ಸ್ಕೂಟರ್ ಕೊಂಡವರೂ ಒಂದು ದಿನಾಂಕ ನೋಡಿಕೊಳ್ಳಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕ್, ಸ್ಕೂಟರಿಗೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಬರುತ್ತದೆ. ಅದು ಮುಗಿದದ್ದು ಯಾರಿಗೂ ನೆನಪಿರುವುದಿಲ್ಲ. ಮಗಳಿಗೆ ಸ್ಕೂಟರ್ ಕೊಡುವ ಹೊತ್ತಿಗೆ ಸರಿಯಾಗಿ ವಿಮೆಯೇ ಇರುವುದಿಲ್ಲ.

ಇಷ್ಟೆಲ್ಲ ಬರೆದರೂ ನನಗೆ ಒಂದು ಗೊತ್ತಿದೆ. ಹದಿನಾರರ ಮಕ್ಕಳಿಗೆ ಸ್ಕೂಟರ್ ಕೊಡುವವರೆಲ್ಲ ಶೋಕಿಗೆ ಕೊಡುವುದಲ್ಲ. ಘಟ್ಟದ ಮೇಲಿನ ನಮ್ಮ ಹಳ್ಳಿಗಳಲ್ಲಿ ಮನೆಯಿಂದ ಟಾರು ರಸ್ತೆಗೇ ಎರಡು ಮೂರು ಕಿಲೋಮೀಟರ್ ಇರುತ್ತದೆ. ಬೆಳಿಗ್ಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಳೆಗಾಲದ ಸಂಜೆ ಹೆಣ್ಣುಮಕ್ಕಳು ಕತ್ತಲಲ್ಲಿ ಕಾಡುದಾರಿಯಲ್ಲಿ ನಡೆದು ಬರುವುದನ್ನು ಯಾವ ತಾಯಿ ಸಹಿಸುತ್ತಾಳೆ? ಅಪ್ಪ ಅಮ್ಮಂದಿರಿಗೆ ದಂಡ ಹಾಕಿದರೆ ಮಾತ್ರ ಇದು ಸರಿಹೋಗುವುದಿಲ್ಲ, ಬಸ್ಸು ಬೇಕು. ಕಾಲೇಜಿನ ಸಮಯಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು ತಪ್ಪದೆ ಬಂದರೆ ಎಷ್ಟೋ ಮನೆಗಳಲ್ಲಿ ಸ್ಕೂಟರ್ ಕೀ ಗೂಟದಲ್ಲೇ ಉಳಿಯುತ್ತದೆ.

ನಮ್ಮ ಕಡೆಯ ಊರುಗಳಿಂದ ಬಸ್ ಡಿಪೋಗೆ ಕೊಡಲು ಒಂದು ಮನವಿ ಬರೆದಿದ್ದೇವೆ. ನಿಮ್ಮ ಊರಿನ ಹೆಸರು, ಎಷ್ಟು ಮಕ್ಕಳು ಯಾವ ಕಾಲೇಜಿಗೆ ಹೋಗುತ್ತಾರೆ, ಎಷ್ಟು ಗಂಟೆಗೆ ಬಸ್ ಬೇಕು, ಇಷ್ಟು ಬರೆದು ಇನ್‌ಬಾಕ್ಸ್‌ಗೆ ಕಳಿಸಿ, ಸೇರಿಸುತ್ತೇವೆ. ಜೊತೆಗೆ ಪಾಲಿಸಿಯ ಮೊದಲ ಪುಟದ ಫೋಟೋ ಕಳಿಸಿದರೆ ಅದು ಪ್ಯಾಕೇಜಾ ಬರೀ ಥರ್ಡ್ ಪಾರ್ಟಿನಾ ಅಂತ ನೋಡಿ ಹೇಳುತ್ತೇನೆ. ಹೆಸರು, ಫೋನ್ ನಂಬರ್ ಮುಚ್ಚಿಯೇ ಕಳಿಸಿ.