ಎಲ್ಲರಿಗೂ ಫೈವ್ ನೈನ್

ಅಕ್ಟೋಬರಿನ ಕೊನೆಯ ಶನಿವಾರ, ಭಾನುವಾರ ಮುಗಿದವು. ಸಿಕ್ಯು ವರ್ಲ್ಡ್‌ವೈಡ್ ಅನ್ನುವ ರೇಡಿಯೋ ಸಂಪರ್ಕ ಸ್ಪರ್ಧೆಯ 48 ಗಂಟೆಯಲ್ಲಿ ಭೂಮಂಡಲದ ಹ್ಯಾಮ್‌ಗಳೆಲ್ಲ, ಅಂದರೆ ಹವ್ಯಾಸಿ ರೇಡಿಯೋದವರೆಲ್ಲ, ಒಬ್ಬರಿಗೊಬ್ಬರು ಅಮೋಘವಾಗಿ ಕೇಳಿಸಿದರಂತೆ. ಸಿಗ್ನಲ್ ಹೇಗೆ ಕೇಳಿಸಿತು ಅಂತ ಪರಸ್ಪರ ಕೊಡುವ ಅಂಕ ಒಬ್ಬನಿಗಾದರೂ 59ಕ್ಕಿಂತ ಕಡಿಮೆ ಬಿದ್ದಿಲ್ಲ. ಎಸ್‌ಎಸ್‌ಎಲ್‌ಸಿ ಮಕ್ಕಳು ಕೇಳಿದರೆ ಹೊಟ್ಟೆ ಉರಿದುಕೊಂಡಾರು, ಅಂಥ ಮೌಲ್ಯಮಾಪನ.

5 ಅಂದರೆ ಪ್ರತಿ ಅಕ್ಷರವೂ ಸ್ಪಷ್ಟ. 9 ಅಂದರೆ ಸಿಗ್ನಲ್ ಬಲು ಜೋರು, ಆಂಟೆನಾ ಸಾಕೆಟ್ಟಿನಲ್ಲಿ 50 ಮೈಕ್ರೋವೋಲ್ಟ್; ಈ ಬಲದ ಅಳತೆಗೇ ಎಸ್ ಅಂಕ ಅನ್ನುವುದು. ಇಲ್ಲಿಂದ ಭಾರತದ ವಲಯಸಂಖ್ಯೆ ಸೇರಿಸಿ "ಫೈವ್ ನೈನ್ ಟ್ವೆಂಟಿ ಟೂ" ಅಂದರೆ, ಅಲ್ಲಿಂದ "ಫೈವ್ ನೈನ್, ನಿಮ್ಮ ಕಾಲ್‌ಸೈನ್ ಏನಂದಿರಿ?" ನಾಲ್ಕು ಸಲ ಕೇಳಿದ ಮೇಲೂ ಫೈವ್ ನೈನೇ. ಸಂಪರ್ಕಗಳನ್ನು ಬರೆದಿಡುವ ಲಾಗಿಂಗ್ ಸಾಫ್ಟ್‌ವೇರು ಆ ಅಂಕ ಮೊದಲೇ ತುಂಬಿಟ್ಟಿರುತ್ತದೆ, ತಿದ್ದಲು ಯಾರಿಗೆ ಬಿಡುವು?

20 ಮೀಟರ್ ಬ್ಯಾಂಡಿನಲ್ಲಿ (14 ಮೆಗಾಹರ್ಟ್ಸ್ ಸುತ್ತಿನ ತರಂಗಗಳು) ಮಾತಿಗೆ ಉಳಿಯುವುದು ಸುಮಾರು 225 ಕಿಲೋಹರ್ಟ್ಸ್. ಒಂದು ಧ್ವನಿಗೆ ಬೇಕಾಗುವ 2.7 ತಲಾ ಹಂಚಿದರೆ 83 ಮಂದಿಗೆ ಸೀಟು. ಹತ್ತುವವರು ಸಾವಿರಾರು. ಹೇಗೋ ಸುಧಾರಿಸಿಕೊಳ್ಳಬಹುದಿತ್ತು, ಆದರೆ ಕೆಲವು ಮಹಾನುಭಾವರಿಗೆ ಒಂದು ಸೀಟು ಸಾಲದು. ಮೈಕ್ ಗೇನು ಪೂರ್ತಿ, ಮೆಲುದನಿಯನ್ನೂ ಎತ್ತುವ ಕಂಪ್ರೆಸರ್ ಪೂರ್ತಿ, ಆಂಪ್ಲಿಫೈಯರಿಗೆ ತಾಳಲಾರದಷ್ಟು ಡ್ರೈವ್. ಧ್ವನಿಯ ಸ್ವರಗಳು ಒಂದಕ್ಕೊಂದು ಬೆರೆತು ಇಂಟರ್‌ಮಾಡ್ಯುಲೇಷನ್ ಅನ್ನುವ ಗದ್ದಲ ಹುಟ್ಟಿ, ಆಚೀಚೆ ಐದೈದು ಕಿಲೋಹರ್ಟ್ಸ್ ದೂರದವರಿಗೂ ಇವರ ಗೊರಗೊರ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಮಾತಿನ ಏರಿನಲ್ಲಿ ಮಾತ್ರ ಎಎಲ್‌ಸಿ (ಡ್ರೈವ್ ಮಿತಿ ಮೀರದಂತೆ ತಡೆಯುವ ಸ್ವಯಂನಿಯಂತ್ರಣ) ಮುಳ್ಳು ತುಸು ಅಲುಗುವ ತನಕ ಗೇನ್ ಇಳಿಸಬೇಕು, ಎರಡು ನಿಮಿಷದ ಕೆಲಸ. ಅಷ್ಟೂ ಮಾಡದವರ ಕೈಗೆ ಕಿಲೋವ್ಯಾಟ್ ಕೊಟ್ಟವರಾರು? 100 ವ್ಯಾಟನ್ನು 1000 ಮಾಡಿದರೆ ಸಿಗುವುದು 10 ಡೆಸಿಬೆಲ್. ಒಂದು ಎಸ್ ಅಂಕಕ್ಕೆ 6 ಡೆಸಿಬೆಲ್ ಅಂತ ಹಿಡಿದರೆ ಎರಡು ಅಂಕವೂ ಪೂರಾ ಏರುವುದಿಲ್ಲ. ಏರಿದರೂ ಸಿಗುವುದು ಅದೇ 59.

ಸ್ಪರ್ಧೆ ಇಲ್ಲದ ದಿನ, ತಮಗೆ ತಾವೇ ಬ್ಯಾಂಡಿನ ಪೊಲೀಸರಾದವರ ಸರದಿ. ದೂರದ ದ್ವೀಪದವನೊಬ್ಬ 14.195 ಮೆಗಾಹರ್ಟ್ಸಿನಲ್ಲಿ ಮಾತಾಡಿ, 5ರಿಂದ 10 ಕಿಲೋಹರ್ಟ್ಸ್ ಮೇಲೆ ಕೇಳುತ್ತೇನೆ ಅನ್ನುತ್ತಾನೆ. ಯಾರೋ ಪಾಪ ಸ್ಪ್ಲಿಟ್ ಗುಂಡಿ (ಕೇಳುವುದು ಒಂದು ಕಡೆ, ಕರೆಯುವುದು ಇನ್ನೊಂದು ಕಡೆ) ಒತ್ತಲು ಮರೆತು ಅವನ ಮೇಲೇ ಕರೆಯುತ್ತಾನೆ. ತಕ್ಷಣ ಹತ್ತು ಜನ "ಅಪ್! ಅಪ್!", ಅವರ ಬಾಯಿ ಮುಚ್ಚಿಸಲು ಇನ್ನು ಇಪ್ಪತ್ತು ಜನ, ಎಲ್ಲರೂ 14.195ರಲ್ಲೇ. ಮರೆತವನು ಆಗಲೇ ಸರಿಪಡಿಸಿಕೊಂಡು ಮೇಲೆ ಹೋಗಿರುತ್ತಾನೆ. ದ್ವೀಪದವನ ಧ್ವನಿ ಮಾತ್ರ ಯಾರಿಗೂ ಕೇಳಿಸುವುದಿಲ್ಲ.

ಹರಟೆಗೆ ಜಾಗವೇ ಇಲ್ಲ ಅಂತ ಗೋಳಾಡುವವರೂ ಕಮ್ಮಿಯಿಲ್ಲ. 30, 17, 12 ಮೀಟರುಗಳಲ್ಲಿ ಸ್ಪರ್ಧೆ ನಡೆಸುವುದಿಲ್ಲ ಸ್ವಾಮಿ. 17 ಮೀಟರಿಗೆ ಬೇಕಾದ ಡೈಪೋಲು ಆಂಟೆನಾ ಅಂದರೆ ಎರಡು ಕಡೆಗೂ 3.95 ಮೀಟರ್ ತಂತಿ, ಅಷ್ಟೆ. ಒಂದು ಗೇಣು ಹೆಚ್ಚಿಗೇ ಕತ್ತರಿಸಿ, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ವಾಪಸು ಬರುತ್ತಿದೆ ಅನ್ನುವ ಅಳತೆ) ನೋಡುತ್ತ ಎರಡೂ ತುದಿ ಸಮನಾಗಿ ಮೋಟು ಮಾಡುತ್ತ ಬನ್ನಿ. ಪಿವಿಸಿ ಹೊದಿಕೆಯ ತಂತಿಯಾದರೆ ಇನ್ನೂ ಸ್ವಲ್ಪ ಮೋಟಾಗುತ್ತದೆ. ತಂತಿಗೆ ಕೇಬಲ್ ಸೇರುವ ಫೀಡ್‌ಪಾಯಿಂಟಿನಲ್ಲಿ ಚೋಕ್ (ಕೇಬಲ್ಲಿನ ಹೊರಮೈ ಕರೆಂಟು ತಡೆಯುವ ಸಾಧನ) ಹಾಕದಿದ್ದರೆ ಮನೆಯ ಎಲ್‌ಇಡಿ ಬಲ್ಬು, ಚಾರ್ಜರುಗಳ ಗದ್ದಲವೆಲ್ಲ ಕೋಆಕ್ಸ್ ಕೇಬಲ್ಲಿನ ಹೊರಮೈ ಹಿಡಿದು ರಿಸೀವರಿಗೇ ಬರುತ್ತದೆ. ಆಮೇಲೆ "ಬ್ಯಾಂಡ್ ಸತ್ತಿದೆ" ಅಂತ ಸೂರ್ಯನನ್ನು ಬಯ್ಯಬೇಡಿ. ಅವನು ತನ್ನ ಕಲೆಗಳ ಏರಿಳಿತದ 25ನೇ ಚಕ್ರದ ಉತ್ತುಂಗವನ್ನು 2024ರಲ್ಲೇ ಮುಟ್ಟಿ, ಕೈಲಾದದ್ದು ಮಾಡಿದ್ದಾನೆ.

ನವೆಂಬರಿನ ಕೊನೆಗೆ ಇದೇ ಸ್ಪರ್ಧೆಯ ಮೋರ್ಸ್ ಕಂತು. ಅಲ್ಲಿ ಸ್ವರದ ಶುದ್ಧಿಗೂ ಒಂದು 9 ಸೇರಿ ಅಂಕ 599. ಮೋರ್ಸಿನ 9ಕ್ಕೆ ನಾಲ್ಕು ಡ್ಯಾಷ್, ಒಂದು ಡಾಟ್ ಬೇಕು, ತೀರಾ ಉದ್ದವಾಯಿತು ಅಂತ ಒಂದು ಡ್ಯಾಷ್, ಒಂದು ಡಾಟಿನ ಎನ್ ಹಾಕಿ 5ಎನ್‌ಎನ್ ಅಂತ ಮುಗಿಸುತ್ತಾರೆ. ಸುಳ್ಳನ್ನು ಪೂರ್ತಿ ಹೇಳಲೂ ಪುರುಸೊತ್ತಿಲ್ಲ.